ಅಕ್ಕ ಅಡುಗೆಮನೆಯಿಂದ ಹೊರಗೆ ನಿಂತ ಕಾಲ: ಒಂದು ಇಬಿ-5 ಪ್ರಕರಣ

2020ರ ಫೆಬ್ರವರಿ ಕೊನೆ. ಮಂಗಳೂರಲ್ಲಿ ರಾತ್ರಿ ಹತ್ತೂವರೆ, ಟೆಕ್ಸಾಸ್‌ನಲ್ಲಿ ಬೆಳಗ್ಗೆ ಹನ್ನೊಂದು. ಭಾವ ಫೋನ್ ಮಾಡಿ, "ಹದಿನಾಲ್ಕು ಜನ ಇದ್ದಾರೆ ಮಾರಾಯ. ಬೇಕಾದ್ದು ಹತ್ತು. ನಾಲ್ಕು ಜಾಸ್ತಿಯೇ ಉಂಟಲ್ಲ?" ಅಂದರು. "ಹೌದು ಭಾವ, ಇನ್ನೆಂತ ಭಯ" ಅಂತ ನಾನೂ ಹೇಳಿದೆ. ಎರಡು ವಾರ ಬಿಟ್ಟು ಅಲ್ಲಿನ ವಕೀಲರು ಅದೇ ಹದಿನಾಲ್ಕು ಹೆಸರಿನ ಪಟ್ಟಿಯನ್ನು ತಿದ್ದಿ ಕಳಿಸಿದರು. ಎಂಟು ಹೆಸರಿನ ಮೇಲೆ ಗೆರೆ. ಉಳಿದದ್ದು ಆರು.

ನಾನು ಮಂಗಳೂರಲ್ಲಿ ಲೆಕ್ಕಪತ್ರದ ಕೆಲಸ ಮಾಡುವವನು. ದುಡ್ಡು ಹೂಡಿ, ಹತ್ತು ಜನರಿಗೆ ಕೆಲಸ ಕೊಟ್ಟು ಅಮೆರಿಕದ ಗ್ರೀನ್ ಕಾರ್ಡ್ ಪಡೆಯುವ ದಾರಿಗೆ ಇಬಿ-5 ಅನ್ನುತ್ತಾರೆ. ಭಾವನ ಆ ಫೈಲಿನ ಇಲ್ಲಿಯ ಭಾಗ ಮೊದಲಿನಿಂದ ನನ್ನ ಕೈಯಲ್ಲೇ ಇತ್ತು. ಅಕ್ಕ, ಭಾವ ಇಬ್ಬರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಯಾಕೆಂದರೆ ನಮ್ಮ ಉಡುಪಿ, ಮಂಗಳೂರು ಕಡೆಯಿಂದ ಅಮೆರಿಕಕ್ಕೆ ಹೋಗಿ ಹೋಟೆಲ್ ಹಾಕಬೇಕು ಅನ್ನುವವರು ಈಗಲೂ ಬರುತ್ತಾರೆ, ಬಂದವರೆಲ್ಲ ಕೇಳುವುದು ದುಡ್ಡಿನ ಬಗ್ಗೆ ಮಾತ್ರ. ಎಷ್ಟು ಕೋಟಿ, ಹೇಗೆ ಕಳಿಸುವುದು, ತೆರಿಗೆ ಎಷ್ಟು. ಹತ್ತು ಕೆಲಸದ ವಿಷಯ ಕೇಳುವವರು ಇಲ್ಲ. ನಮ್ಮನ್ನು ನಾಲ್ಕು ವರ್ಷ ನಿದ್ದೆಗೆಡಿಸಿದ್ದು ಅದೇ.

ಹಿನ್ನೆಲೆ

ಭಾವನಿಗೆ ಉಡುಪಿ–ಮಣಿಪಾಲ ರಸ್ತೆಯಲ್ಲಿ ಒಂದು ಸಣ್ಣ ಹೋಟೆಲ್ ಇತ್ತು. ಹದಿನೆಂಟು ವರ್ಷ ನಡೆಸಿದರು. ಅಕ್ಕ ಬೆಳಗ್ಗೆ ಐದಕ್ಕೆ ಅಡುಗೆಮನೆಗೆ ಇಳಿದರೆ ಚಟ್ನಿ, ಸಾಂಬಾರು, ಬನ್ಸಿನ ಹಿಟ್ಟು ಎಲ್ಲ ಅವಳ ಕೈಯಲ್ಲೇ ಆಗಬೇಕು. ಭಾವ ಗಲ್ಲೆಯಲ್ಲಿ. ಮಗ ಶಾಲೆ ಬಿಟ್ಟು ಬಂದವನು ಪಾರ್ಸೆಲ್ ಕಟ್ಟುತ್ತಿದ್ದ. ಊರಿನಿಂದ ಬಂದ ನಾಲ್ಕು ಹುಡುಗರು ಎಲ್ಲ ಕೆಲಸಕ್ಕೂ. ಇದು ನಮ್ಮ ಕಡೆಯ ಹೋಟೆಲಿನ ಕ್ರಮ, ಯಾರಿಗೂ ಹೊಸತಲ್ಲ. ಮನೆಯವರು ಮೈಮುರಿದು ದುಡಿಯುತ್ತಾರೆ, ಅದಕ್ಕೇ ಹೋಟೆಲ್ ಉಳಿಯುತ್ತದೆ.

2016ರಲ್ಲಿ ಮಂಗಳೂರಿನ ಒಂದು ಹಾಲ್‌ನಲ್ಲಿ ಯಾರೋ ಸಲಹೆಗಾರರು ಸಭೆ ಕರೆದರು, ಭಾವ ಹೋಗಿ ಬಂದರು. ಅಲ್ಲಿ ಹೇಳಿದ್ದು ಇಷ್ಟು: ಐದು ಲಕ್ಷ ಡಾಲರ್ ಹಾಕಿ, ಹತ್ತು ಜನರನ್ನು ಕೆಲಸಕ್ಕೆ ಇಟ್ಟುಕೊಳ್ಳಿ, ಗಂಡ ಹೆಂಡತಿ ಮಕ್ಕಳಿಗೆಲ್ಲ ಗ್ರೀನ್ ಕಾರ್ಡ್. ಸುಳ್ಳಲ್ಲ. ಆದರೆ "ಹತ್ತು ಜನ" ಅನ್ನುವ ಆ ಮಾತೇ ನಮ್ಮನ್ನು ದಾರಿ ತಪ್ಪಿಸಿತು.

ಇಬಿ-5 ಅನ್ನುವುದು ಅಮೆರಿಕ 1990ರ ವಲಸೆ ಕಾಯ್ದೆಯಲ್ಲಿ ತಂದ ವರ್ಗ. ಹೊರಗಿನ ದುಡ್ಡು ಬರಬೇಕು, ಆ ದುಡ್ಡಿನಿಂದ ಅಲ್ಲಿಯವರಿಗೆ ಕೆಲಸ ಹುಟ್ಟಬೇಕು. ಅಷ್ಟೇ ಅದರ ಉದ್ದೇಶ. ಭಾವ ಅರ್ಜಿ ಹಾಕಿದ 2017ರಲ್ಲಿ ಸಾಮಾನ್ಯ ಹೂಡಿಕೆ 10 ಲಕ್ಷ ಡಾಲರ್, ಹಳ್ಳಿ ಕಡೆ ಅಥವಾ ನಿರುದ್ಯೋಗ ಜಾಸ್ತಿ ಇರುವ ಪ್ರದೇಶವಾದರೆ 5 ಲಕ್ಷ. ಭಾವ ಹಿಡಿದದ್ದು ಎರಡನೆಯದು.

ದುಡ್ಡಿನ ಕತೆ ಬೇಗ ಹೇಳಿ ಮುಗಿಸುತ್ತೇನೆ. ಮಣಿಪಾಲದ ಒಂದು ಸೈಟು, ಹೆಬ್ರಿ ಕಡೆಯ ಗದ್ದೆ ಮಾರಿದ್ದು. ರಿಸರ್ವ್ ಬ್ಯಾಂಕ್ ನಿಯಮದಂತೆ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್ ಕಳಿಸಬಹುದು. ಅಕ್ಕ ಒಂದು ಪಾಲು, ಭಾವ ಒಂದು ಪಾಲು ಕಳಿಸಿದರು. ಡಾಲರ್ ಆಗ 65 ರೂಪಾಯಿ ಹತ್ತಿರ ಇತ್ತು, ಒಟ್ಟು ಮೂರೂಕಾಲು ಕೋಟಿ. ಕಷ್ಟ ಆದದ್ದು ಗದ್ದೆಯ ಮೂಲ ತೋರಿಸಲು. ಅದು ಡಿಕ್ಲರೇಶನ್ ಜಾಗ. 1974ರ ಭೂಸುಧಾರಣೆ ತಿದ್ದುಪಡಿ ಬಂದಮೇಲೆ ಭಾವನ ಅಜ್ಜಿ ಗೇಣಿದಾರರಾಗಿ ಅರ್ಜಿ ಕೊಟ್ಟು ಭೂನ್ಯಾಯಮಂಡಳಿಯಿಂದ ಪಡೆದದ್ದು. "ದುಡ್ಡು ಕೊಡದೆ ಜಾಗ ನಿಮ್ಮದು ಹೇಗೆ ಆಯಿತು" ಅಂತ ಅಮೆರಿಕದ ವಕೀಲರು ಕೇಳಿದರು. ನಾಲ್ಕು ಪುಟ ಬರೆದು ಕಳಿಸಿದೆ. ಆದೇಶದ ಪ್ರತಿ, ಆರ್‌ಟಿಸಿ, ಪಾಲುಪಟ್ಟಿ, ಕ್ರಯಪತ್ರ ಎಲ್ಲ ಇಂಗ್ಲಿಷಿಗೆ ಮಾಡಿಸಿ ಜೋಡಿಸಿದ ಮೇಲೆ ಆ ಭಾಗಕ್ಕೆ ಮತ್ತೆ ಯಾರೂ ಪ್ರಶ್ನೆ ಎತ್ತಲಿಲ್ಲ.

ಭಾವನ ಚಿಕ್ಕಪ್ಪನ ಮಗ ಟೆಕ್ಸಾಸ್‌ನಲ್ಲಿ ಇದ್ದಾರೆ, ಅಮೆರಿಕದ ನಾಗರಿಕರು. ಅವರು ಪಾಲುದಾರರಲ್ಲ, ಸಂಬಳದ ಮ್ಯಾನೇಜರ್. 2018ರಲ್ಲಿ ಅವರೇ ನಿಂತು ಹೋಟೆಲ್ ಶುರು ಮಾಡಿಸಿದರು. 2019ರ ಮಾರ್ಚಿನಲ್ಲಿ ಐ-526, ಅಂದರೆ ಹೂಡಿಕೆದಾರನ ಮೊದಲ ಅರ್ಜಿ, ಪಾಸಾಯಿತು, ಮುಂಬೈ ಕಾನ್ಸುಲೇಟಿನಲ್ಲಿ ಸಂದರ್ಶನ, 2020ರ ಫೆಬ್ರವರಿ ಮೊದಲ ವಾರ ಮೂವರೂ ಅಲ್ಲಿ ಇಳಿದರು. ಕೈಗೆ ಸಿಕ್ಕಿದ್ದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಎರಡು ವರ್ಷ ಮುಗಿಯುವ ಮೊದಲಿನ 90 ದಿನದ ಒಳಗೆ ಐ-829 ಅನ್ನುವ ಅರ್ಜಿ ಹಾಕಿ, ದುಡ್ಡು ನಿಜವಾಗಿ ಹಾಕಿದ್ದೇವೆ, ಹತ್ತು ಕೆಲಸ ಹುಟ್ಟಿಸಿದ್ದೇವೆ ಅಂತ ತೋರಿಸಿದರೆ ಷರತ್ತು ತೆಗೆಯುತ್ತಾರೆ. ತೋರಿಸದಿದ್ದರೆ ಮೂವರ ಕಾರ್ಡೂ ಹೋಗುತ್ತದೆ.

ಹದಿನಾಲ್ಕು ಆರಾದದ್ದು ಹೇಗೆ

ಗೆರೆ ಎಳೆದ ಎಂಟು ಹೆಸರುಗಳನ್ನು ಒಂದೊಂದಾಗಿ ಹೇಳುತ್ತೇನೆ, ಇಡೀ ಪ್ರಕರಣ ಇರುವುದು ಇಲ್ಲೇ.

ಇಬ್ಬರು ಕನ್ನಡದ ಹೆಂಗಸರು ಸರ್ವಿಸ್ ಮತ್ತು ಬಿಲ್ಲಿಂಗ್ ನೋಡುತ್ತಿದ್ದರು. ಗಂಡಂದಿರು ಸಾಫ್ಟ್‌ವೇರ್, ಎಚ್-1ಬಿ. ಇವರದು ಹೆಂಡತಿ ಮಕ್ಕಳಿಗೆ ಕೊಡುವ ಎಚ್-4 ವೀಸಾ, ಕೆಲಸದ ಪರವಾನಗಿ ಕಾರ್ಡ್ ಇತ್ತು. ವಾರಕ್ಕೆ 40 ಗಂಟೆ ದುಡಿಯುತ್ತಿದ್ದರು, ಸಂಬಳ ಬ್ಯಾಂಕಿಗೆ, ತೆರಿಗೆ ಕಟ್ಟಿದ್ದಾರೆ, ಎಲ್ಲ ಕಾನೂನು ಪ್ರಕಾರವೇ. ಆದರೂ ಲೆಕ್ಕಕ್ಕಿಲ್ಲ. ಇಬಿ-5ರಲ್ಲಿ ಎಣಿಸುವುದು ಅಮೆರಿಕದ ನಾಗರಿಕರು, ಗ್ರೀನ್ ಕಾರ್ಡ್ ಇರುವವರು, ನಿರಾಶ್ರಿತರಾಗಿ ಆಶ್ರಯ ಸಿಕ್ಕಿದವರು, ಇಂಥವರನ್ನು ಮಾತ್ರ. ತಾತ್ಕಾಲಿಕ ವೀಸಾದವರು ಎಷ್ಟೇ ಕಾನೂನುಬದ್ಧವಾಗಿ ದುಡಿದರೂ ಆ ಹತ್ತರೊಳಗೆ ಬರುವುದಿಲ್ಲ. ಕೆಲಸ ಕೊಡುವುದು ಕಾನೂನಿಗೆ ಸರಿ ಅನ್ನುವುದು ಬೇರೆ, ಹತ್ತರಲ್ಲಿ ಒಂದು ಅನ್ನುವುದು ಬೇರೆ. ಈ ವ್ಯತ್ಯಾಸ ನನಗೂ ಗೊತ್ತಿರಲಿಲ್ಲ.

ಮತ್ತೊಬ್ಬ ನಮ್ಮ ಕಡೆಯ ಹುಡುಗನೇ. ಮಣಿಪಾಲದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಅಲ್ಲಿ ಮಾಸ್ಟರ್ಸ್ ಮುಗಿಸಿ ವಿದ್ಯಾರ್ಥಿ ವೀಸಾದ ತರಬೇತಿ ಅವಧಿಯಲ್ಲಿ ಇದ್ದವನು. ಬಹಳ ಚುರುಕು, ಭಾವನಿಗೆ ಬಲಗೈ. ಅವನ ಹೆಸರಿನ ಮೇಲೂ ಗೆರೆ, ಕಾರಣ ಅದೇ.

ನಾಲ್ವರು ಅಲ್ಲಿಯ ಕಾಲೇಜು ಮಕ್ಕಳು. ನಾಗರಿಕರೇ, ಆದರೆ ಸಂಜೆ ಮಾತ್ರ, ವಾರಕ್ಕೆ 15ರಿಂದ 20 ಗಂಟೆ. ಪೂರ್ಣಾವಧಿ ಅಂದರೆ ವಾರಕ್ಕೆ ಕನಿಷ್ಠ 35 ಗಂಟೆ. "ಇಬ್ಬರನ್ನು ಸೇರಿಸಿ ಒಂದು ಅಂತ ಹಿಡಿಯಬಹುದಲ್ಲ?" ಅಂತ ಭಾವ ಕೇಳಿದರು, ಯಾರಾದರೂ ಕೇಳುವ ಪ್ರಶ್ನೆಯೇ ಅಲ್ವಾ? ಆಗುವುದಿಲ್ಲ. ಎರಡು ಅರ್ಧ ಕೆಲಸ ಕೂಡಿಸಿ ಒಂದು ಪೂರ್ಣ ಮಾಡುವಂತಿಲ್ಲ. ಒಂದೇ ಪೂರ್ಣಾವಧಿ ಹುದ್ದೆಯನ್ನು ಇಬ್ಬರು ಹಂಚಿಕೊಂಡು ಮಾಡುವ ವ್ಯವಸ್ಥೆಗೆ ಅವಕಾಶ ಉಂಟು, ಆದರೆ ಅದು ಮೊದಲೇ ಹಾಗೆ ಗೊತ್ತುಮಾಡಿದ ಶಾಶ್ವತ ಹುದ್ದೆ ಅಂತ ಕಾಗದದಲ್ಲಿ ತೋರಿಸಬೇಕು. ಪರೀಕ್ಷೆ ಬಂದಾಗ ಕಾಣೆಯಾಗುವ ಮಕ್ಕಳ ಮೇಲೆ ಅದನ್ನು ನಿಲ್ಲಿಸುವುದು ಬೇಡ ಅಂದರು ವಕೀಲರು.

ಎಂಟನೆಯವ ಕ್ಲೀನಿಂಗ್ ಮಾಡುವವ. ದಿನಾ ಬರುತ್ತಿದ್ದ, ನಮ್ಮವನ ಹಾಗೇ ಇದ್ದ. ಆದರೆ ಅವನನ್ನು ಕಳಿಸುತ್ತಿದ್ದದ್ದು ಹೊರಗಿನ ಗುತ್ತಿಗೆ ಕಂಪನಿ. ಸಂಬಳ ಹೋಟೆಲಿನ ಪುಸ್ತಕದಿಂದ ಹೋಗುವುದಿಲ್ಲ, ಹಾಗಾಗಿ ಹೋಟೆಲಿನ ನೌಕರ ಅಲ್ಲ. ಭಾವನ ಹಾಗೆ ನೇರವಾಗಿ ಸ್ವಂತ ವ್ಯಾಪಾರ ಮಾಡುವವರಿಗೆ ತಮ್ಮ ಕಂಪನಿಯ ಸಂಬಳಪಟ್ಟಿಯಲ್ಲಿ ಇರುವವರು ಮಾತ್ರ ಲೆಕ್ಕ. ತರಕಾರಿ ಕೊಡುವವನಿಗೆ, ಬಾಡಿಗೆ ಕಟ್ಟಡದವನಿಗೆ ನಮ್ಮಿಂದ ಎಷ್ಟು ಕೆಲಸ ಹುಟ್ಟಿತು ಅಂತ ಹೇಳಿ ಪ್ರಯೋಜನ ಇಲ್ಲ.

ಉಳಿದ ಆರು ಜನರಲ್ಲಿ ಚಿಕ್ಕಪ್ಪನ ಮಗ ಒಬ್ಬರು. ಸಂಬಂಧಿ ಆದ್ದರಿಂದ ಅವರೂ ಹೋದರು ಅಂತಲೇ ಭಾವಿಸಿದ್ದೆವು. ಇಲ್ಲ. ಲೆಕ್ಕದಿಂದ ಹೊರಗಿಡುವುದು ಹೂಡಿಕೆದಾರ, ಅವನ ಹೆಂಡತಿ ಅಥವಾ ಗಂಡ, ಮಕ್ಕಳು ಇಷ್ಟೇ. ಅಣ್ಣತಮ್ಮಂದಿರು, ದಾಯಾದಿಗಳು ನಾಗರಿಕರೋ ಗ್ರೀನ್ ಕಾರ್ಡಿನವರೋ ಆಗಿದ್ದು 35 ಗಂಟೆ ದುಡಿದರೆ ಬರುತ್ತಾರೆ.

ಮನೆಯವರ ದುಡಿಮೆ

ಅಷ್ಟರಲ್ಲೇ, ಆ ಮಾರ್ಚಿನಲ್ಲಿ, ಕೋವಿಡ್ ಬಂತು. ಟೆಕ್ಸಾಸ್‌ನಲ್ಲಿ ಕೂತು ತಿನ್ನುವುದನ್ನು ನಿಲ್ಲಿಸಿದರು, ಬರೀ ಪಾರ್ಸೆಲ್. ಮೇ 1ಕ್ಕೆ ಕಾಲು ಭಾಗ ಕುರ್ಚಿಗೆ ಅವಕಾಶ ಕೊಟ್ಟರು, ಜನ ಬರಲಿಲ್ಲ. ಆರು ಇದ್ದದ್ದು ಮೂರಕ್ಕೆ ಇಳಿಯಿತು.

ಆಗ ನಮ್ಮವರು ಮಾಡಿದ್ದು ಉಡುಪಿಯ ಯಾವ ಹೋಟೆಲಿನವರಾದರೂ ಮಾಡುವುದನ್ನೇ. ಅಕ್ಕ ಬೆಳಗ್ಗೆ ಐದಕ್ಕೆ ಅಡುಗೆಮನೆಗೆ ಇಳಿದಳು. ಮಗ ಆನ್‌ಲೈನ್ ಕ್ಲಾಸ್ ಮುಗಿಸಿ ದೋಸೆ ಕಲ್ಲಿನ ಮುಂದೆ ನಿಂತ. ಭಾವ ಪಾತ್ರೆ ತೊಳೆದರು. ಬಾಗಿಲು ಹಾಕದೆ ಒಂದು ವರ್ಷ ದಾಟಿಸಿದರು. ಆ ಛಲ ನೋಡಿ ನನಗೆ ಈಗಲೂ ಎದೆ ತುಂಬಿ ಬರುತ್ತದೆ.

ಆದರೆ 2021ರ ಏಪ್ರಿಲಿನಲ್ಲಿ ವಕೀಲರ ಜೊತೆ ಫೋನಲ್ಲಿ ಕೂತಾಗ ಅವರು ಕೇಳಿದ ಮೊದಲ ಪ್ರಶ್ನೆ, ಅಡುಗೆಮನೆಯಲ್ಲಿ ವಾರಕ್ಕೆ ಒಟ್ಟು ಎಷ್ಟು ಗಂಟೆ ಕೆಲಸ ಉಂಟು, ಅದರಲ್ಲಿ ಮನೆಯವರದು ಎಷ್ಟು. ಮಗ ಲೆಕ್ಕ ಹಾಕಿ ಹೇಳಿದ. ಮೂವರದು ಸೇರಿ ವಾರಕ್ಕೆ 170 ಗಂಟೆ ಹತ್ತಿರ. 170 ಅಂದರೆ ಹೆಚ್ಚುಕಡಿಮೆ ಐದು ಪೂರ್ಣಾವಧಿ ಹುದ್ದೆ! ಹೋಟೆಲಿನಲ್ಲಿ ಹತ್ತು ಜನರ ಕೆಲಸ ಇಲ್ಲ ಅಂತ ನಾವು ಹೆದರುತ್ತಿದ್ದೆವು. ಕೆಲಸ ಇತ್ತು, ಲೆಕ್ಕಕ್ಕೆ ಬಾರದ ಮೂವರು ಅದನ್ನು ಮಾಡಿ ಮುಗಿಸುತ್ತಿದ್ದರು. ಅಕ್ಕ ಒಂದು ಗಂಟೆ ಜಾಸ್ತಿ ದುಡಿದಷ್ಟೂ ಎಣಿಕೆಗೆ ಬರುವ ಒಬ್ಬರ ಒಂದು ಗಂಟೆ ಹೋಗುತ್ತಿತ್ತು. ಇಡೀ ಜೀವನ ಯಾವ ಗುಣ ಅವರನ್ನು ಕಾಪಾಡಿತ್ತೋ ಅದೇ ಇಲ್ಲಿ ಗ್ರೀನ್ ಕಾರ್ಡಿಗೆ ಅಡ್ಡ ನಿಂತಿತ್ತು.

ಅಕ್ಕನಿಗೆ ಇದನ್ನು ಹೇಳುವ ಕೆಲಸ ನನಗೆ ಬಂತು. "ನಾನು ಕೈಕಟ್ಟಿ ಕೂತರೆ ಹೋಟೆಲ್ ನಡೆಯುವುದುಂಟಾ?" ಅಂತ ಕೇಳಿದಳು. ಬೈದಳು. ಎರಡು ದಿನ ಮಾತಾಡಲಿಲ್ಲ. ಆಮೇಲೆ ಅವಳೇ ಫೋನ್ ಮಾಡಿ, "ನನ್ನ ಸಾಂಬಾರು ಪುಡಿ ಅಳತೆಯೆಲ್ಲ ಬರೆದು ಕೊಡ್ತೇನೆ, ಯಾರಿಗೆ ಕಲಿಸಬೇಕು ಹೇಳು" ಅಂದಳು.

ಮತ್ತೆ ಕಟ್ಟಿದ ರೀತಿ

ಹಳೆಯ ಆರು ಹುದ್ದೆಗಳಿಗೆ ಜನ ಮತ್ತೆ ಬಂದರು, ಆ ಆರರಲ್ಲಿ ಇಬ್ಬರು ಹೊಸಬರು. ಕಾಲೇಜು ಮಕ್ಕಳ ಸಂಜೆ ಪಾಳಿಗಳನ್ನು ಒಡೆದು ವಾರಕ್ಕೆ 38 ಗಂಟೆಯ ಎರಡು ಖಾಯಂ ಹುದ್ದೆ ಮಾಡಿದರು. ಕ್ಲೀನಿಂಗ್ ಗುತ್ತಿಗೆ ಬಿಟ್ಟು ಸ್ವಂತ ಸಂಬಳಕ್ಕೆ ಒಬ್ಬರನ್ನು ತೆಗೆದುಕೊಂಡರು. ಎಚ್-4ರಲ್ಲಿದ್ದ ಇಬ್ಬರಲ್ಲಿ ಒಬ್ಬರಿಗೆ ಆ ವರ್ಷವೇ ಗ್ರೀನ್ ಕಾರ್ಡ್ ಬಂತು, ಬಂದ ದಿನದಿಂದ ಅವರೂ ಲೆಕ್ಕಕ್ಕೆ. ಹತ್ತಾಯಿತು.

ಹತ್ತಕ್ಕೆ ನಿಲ್ಲಿಸಬೇಡಿ ಅಂತ ವಕೀಲರು ಒತ್ತಿ ಹೇಳಿದರು. ಒಬ್ಬರು ಬಿಟ್ಟು ಹೋಗಿ ಆ ಜಾಗಕ್ಕೆ ಬೇರೆಯವರು ಬಂದರೆ ತೊಂದರೆ ಇಲ್ಲ, ಎಣಿಸುವುದು ಹುದ್ದೆಯನ್ನು. ಆದರೆ ಒಂದು ಹುದ್ದೆಯ ಗಂಟೆ 35ಕ್ಕಿಂತ ಕೆಳಗೆ ಬಿದ್ದರೆ ಒಂಬತ್ತು ಆಗುತ್ತದೆ, ಒಂಬತ್ತಕ್ಕೆ ಅರ್ಧ ಅಂಕ ಇಲ್ಲ. ಹಾಗಂತ ಸುಮ್ನೆ ಇಬ್ಬರಿಗೆ ಸಂಬಳ ಕೊಟ್ಟು ಕೂರಿಸಲು ದುಡ್ಡು ಎಲ್ಲಿದೆ? ದಾರಿ ತೋರಿಸಿದ್ದು ದೋಸೆ ಹಿಟ್ಟು. ಕೋವಿಡ್ ಕಾಲದಲ್ಲಿ ಮನೆಯಲ್ಲೇ ಕೂತ ನಮ್ಮ ಜನ ದಿನಾ ಹಿಟ್ಟು ಕೇಳಿಕೊಂಡು ಬರುತ್ತಿದ್ದರು, ಅಕ್ಕ ಡಬ್ಬಿಗೆ ಹಾಕಿ ಕೊಡುತ್ತಿದ್ದಳು. ಅದನ್ನೇ ಸುತ್ತಲಿನ ಇಂಡಿಯನ್ ಸ್ಟೋರ್‌ಗಳಿಗೆ ಹಾಕಲು ಶುರು ಮಾಡಿದರು. ರುಬ್ಬಲು ಒಬ್ಬರು, ತುಂಬಿಸಿ ಗಾಡಿಯಲ್ಲಿ ಕೊಂಡುಹೋಗಲು ಒಬ್ಬರು. ಇಬ್ಬರಿಗೂ ನಿಜವಾದ ಕೆಲಸ, ವರ್ಷವಿಡೀ. 2021ರ ನವೆಂಬರಿಗೆ ಹನ್ನೆರಡು.

ನಿಯಮದ ಪ್ರಕಾರ ನಮ್ಮ ಯೋಜನೆಯ ಅವಧಿ ಅಷ್ಟರಲ್ಲಿ ಸ್ವಲ್ಪ ದಾಟಿತ್ತು. ಐ-526 ಪಾಸಾದ ಆರು ತಿಂಗಳ ಮೇಲೆ ಎರಡು ವರ್ಷ ಅಂತ ಹಿಡಿಯುತ್ತಾರೆ, ಅಂದರೆ 2021ರ ಸೆಪ್ಟೆಂಬರ್. ಆದರೆ ಐ-829 ಹಂತದಲ್ಲಿ ಕೆಲಸ ಆಗಿದೆ ಅಥವಾ ಒಪ್ಪಬಹುದಾದಷ್ಟು ಸಮಯದಲ್ಲಿ ಆಗುತ್ತದೆ ಅಂತ ತೋರಿಸಿದರೆ ಸಾಕು ಅನ್ನುವ ಅವಕಾಶ ಇತ್ತು. 2022ರ ಜನವರಿಯಲ್ಲಿ ಅರ್ಜಿ ಹಾಕುವಾಗ ಹನ್ನೆರಡು ಹುದ್ದೆಯಲ್ಲೂ ಜನ ಇದ್ದರು.

ಹಾಜರಿ ಪುಸ್ತಕ

ಕೆಂಪು ಬೈಂಡಿನ ಉದ್ದನೆಯ ಹಾಜರಿ ಪುಸ್ತಕವನ್ನು ಭಾವ ಉಡುಪಿಯಿಂದಲೇ ಕೊಂಡುಹೋಗಿದ್ದರು. ದಿನಾ ರಾತ್ರಿ ಗಲ್ಲೆ ಮುಚ್ಚುವ ಮೊದಲು ಬರೆಯುವುದು. ಬಂದವರಿಗೆ ಒಂದು ಗೀಟು, ಅರ್ಧ ದಿನಕ್ಕೆ "ಅ", ಬಾರದಿದ್ದರೆ "ರ". ಚಂದದ ಅಕ್ಷರ, ಒಂದು ದಿನವೂ ತಪ್ಪಿಲ್ಲ. ಆದರೆ ಗೀಟಿನಲ್ಲಿ ಗಂಟೆ ಇಲ್ಲ. ಅಡುಗೆಯವರು ಬೆಳಗ್ಗೆ ನಾಲ್ಕು ಗಂಟೆ, ಮಧ್ಯಾಹ್ನ ಬಿಡುವು, ಸಂಜೆ ಐದು ಗಂಟೆ ಮಾಡಿದ್ದು ಒಂದು ಗೀಟಿನ ಒಳಗೆ ಮುಚ್ಚಿಹೋಗಿತ್ತು. 2021ರ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿ, ಪ್ರತಿಯೊಬ್ಬರೂ ಬರುವಾಗ, ಬಿಡುವಿಗೆ ಹೋಗುವಾಗ, ವಾಪಸಾಗುವಾಗ ಒತ್ತುವ ಟೈಮ್ ಕ್ಲಾಕ್ ಹಾಕಿಸಿದೆವು. ಪ್ರತಿಯೊಬ್ಬರ ಐ-9 ಫಾರಂ (ಅಮೆರಿಕದಲ್ಲಿ ಕೆಲಸ ಮಾಡುವ ಹಕ್ಕು ಉಂಟು ಅಂತ ತುಂಬಿಸುವುದು), ಜೊತೆಗೆ ನಾಗರಿಕತೆ ಅಥವಾ ಗ್ರೀನ್ ಕಾರ್ಡಿನ ಪ್ರತಿ, ವರ್ಷದ ಸಂಬಳ ತೋರಿಸುವ ಡಬ್ಲ್ಯೂ-2, ಸಂಬಳದ ತೆರಿಗೆಗೆ ಮೂರು ತಿಂಗಳಿಗೊಮ್ಮೆ ಸಲ್ಲಿಸುವ 941 ರಿಟರ್ನ್, ವಾರವಾರದ ಸಂಬಳಪಟ್ಟಿ, ಎಲ್ಲ ಇಟ್ಟೆವು. ನಾನು ಇಲ್ಲಿ ಪ್ರತಿ ಶನಿವಾರ ಹನ್ನೆರಡು ಸಾಲು ನೋಡುತ್ತಿದ್ದೆ. ಯಾರದಾದರೂ 36ಕ್ಕಿಂತ ಕಮ್ಮಿ ಬಂದರೆ ಅವತ್ತೇ ಭಾವನಿಗೆ ಫೋನ್.

2024ರಲ್ಲಿ ಅಮೆರಿಕದ ವಲಸೆ ಇಲಾಖೆಯಿಂದ ಹೆಚ್ಚಿನ ಸಾಕ್ಷ್ಯ ಕೇಳಿ ಪತ್ರ ಬಂತು. ಎರಡು ಹುದ್ದೆಯ ಗಂಟೆ ಕೆಲವು ವಾರ 35ಕ್ಕಿಂತ ಕೆಳಗೆ ಯಾಕೆ ಬಂದಿದೆ ಅಂತ ಒಂದು ಪ್ರಶ್ನೆ. ಒಬ್ಬರ ಐ-9 ಪೂರ್ತಿ ತುಂಬಿಲ್ಲ ಅಂತ ಇನ್ನೊಂದು. ಮೊದಲನೆಯದಕ್ಕೆ ಟೈಮ್ ಕ್ಲಾಕಿನ ಹಾಳೆಯೇ ಉತ್ತರ ಕೊಟ್ಟಿತು. ಒಬ್ಬರು ಬಿಟ್ಟ ವಾರ, ಹೊಸಬರು ಸೇರಿದ ವಾರ, ಹುದ್ದೆ ಅದೇ. ಐ-9 ವಿಷಯದಲ್ಲಿ ತಪ್ಪು ನಮ್ಮದೇ, ಆ ಹೆಸರನ್ನು ಬಿಟ್ಟು ಹನ್ನೊಂದಕ್ಕೆ ಲೆಕ್ಕ ಕೊಟ್ಟೆವು. ಹತ್ತಕ್ಕೆ ನಿಲ್ಲಿಸಬೇಡಿ ಅಂದದ್ದು ಯಾಕೆ ಅಂತ ಅವತ್ತು ಪೂರ್ತಿ ಅರ್ಥವಾಯಿತು.

ಈಗ ಹೊರಡುವವರಿಗೆ

ಭಾವನ ಕಾಲದ ಮೊತ್ತ ಈಗ ಇಲ್ಲ. 2022ರ ಮಾರ್ಚ್ 15ರ ಹೊಸ ಕಾಯ್ದೆ ಪ್ರಕಾರ ಸಾಮಾನ್ಯ ಹೂಡಿಕೆ 10 ಲಕ್ಷ 50 ಸಾವಿರ ಡಾಲರ್, ಹಳ್ಳಿ ಅಥವಾ ನಿರುದ್ಯೋಗ ಜಾಸ್ತಿ ಇರುವ ಪ್ರದೇಶಕ್ಕೆ 8 ಲಕ್ಷ. ಎಂಟು ಲಕ್ಷ ಅಂದರೆ ಏಳು ಕೋಟಿ ರೂಪಾಯಿ ಹತ್ತಿರ. ಗಂಡ ಹೆಂಡತಿ ಸೇರಿ ಒಂದು ಹಣಕಾಸು ವರ್ಷದಲ್ಲಿ 5 ಲಕ್ಷ ಡಾಲರ್ ಮಾತ್ರ ಕಳಿಸಬಹುದಾದ್ದರಿಂದ ಉಳಿದದ್ದು ಏಪ್ರಿಲ್ 1 ದಾಟಿದ ಮೇಲೆ. ಹತ್ತು ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕು ನೂರಕ್ಕೆ 20 ಟಿಸಿಎಸ್, ಅಂದರೆ ಕಳಿಸುವಾಗಲೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತದೆ. ರಿಟರ್ನ್ ಹಾಕಿದಾಗ ಹೊಂದಿಸಿಕೊಳ್ಳಬಹುದು, ಆದರೆ ಆ ದಿನ ಕೈಯಲ್ಲಿ ಇರಬೇಕು.

ಹತ್ತು ಕೆಲಸದ ನಿಯಮ ಮಾತ್ರ ಹಾಗೇ ಇದೆ, ಪ್ರತಿ ಹೂಡಿಕೆದಾರನಿಗೂ ಹತ್ತು. ಇಬ್ಬರು ಸ್ನೇಹಿತರು ಸೇರಿ ಒಂದೇ ಹೋಟೆಲಿನ ಮೇಲೆ ನೇರವಾಗಿ ಅರ್ಜಿ ಹಾಕುವ ದಾರಿಯನ್ನು ಹೊಸ ಕಾಯ್ದೆ ಮುಚ್ಚಿದೆ. ಹಲವರು ಕೂಡಿ ಹಾಕುವುದಾದರೆ ರೀಜನಲ್ ಸೆಂಟರ್, ಅಂದರೆ ಹೂಡಿಕೆದಾರರ ದುಡ್ಡು ಒಟ್ಟುಮಾಡಲು ಅಲ್ಲಿನ ಸರ್ಕಾರ ಒಪ್ಪಿದ ಸಂಸ್ಥೆ, ಅದರ ಮೂಲಕವೇ. ಅಲ್ಲಿ ದೊಡ್ಡ ಕಟ್ಟಡ ಕಾಮಗಾರಿ ಇಂಥದ್ದಕ್ಕೆ ದುಡ್ಡು ಹೋಗುತ್ತದೆ, ಖರ್ಚಿನ ಮೇಲೆ ಅರ್ಥಶಾಸ್ತ್ರದ ಲೆಕ್ಕಾಚಾರ ಮಾಡಿ ಪರೋಕ್ಷ ಕೆಲಸಗಳನ್ನೂ ಎಣಿಸುತ್ತಾರೆ, ನೂರಕ್ಕೆ 90ರವರೆಗೆ. ಯಾರ ಟೈಮ್ ಕಾರ್ಡೂ ನೀವು ನೋಡಬೇಕಾಗಿಲ್ಲ. ಆದರೆ ದುಡ್ಡು ಇನ್ನೊಬ್ಬರ ಕೈಯಲ್ಲಿ, ಯೋಜನೆ ಮುಳುಗಿದರೆ ಜೊತೆಗೆ ನಮ್ಮದೂ ಮುಳುಗುತ್ತದೆ. ಊರು ಬಿಟ್ಟು ಅಲ್ಲಿ ನೆಲೆಸುವುದೊಂದೇ ಗುರಿಯಾದರೆ ಅದನ್ನು ನೋಡಿ ಅಂತ ನಾನು ಹೇಳುತ್ತೇನೆ. ಸ್ವಂತ ಹೋಟೆಲೇ ಬೇಕು ಅನ್ನುವವರು ಬಂದರೆ ಈಗ ದುಡ್ಡಿನ ಲೆಕ್ಕಕ್ಕೂ ಮೊದಲು ಒಂದು ಹಾಳೆ ಕೊಡುತ್ತೇನೆ. ವಾರಕ್ಕೆ ಎಷ್ಟು ಗಂಟೆಯ ಕೆಲಸ, ಅದನ್ನು ಯಾರು ಮಾಡುತ್ತಾರೆ, ಅವರ ಕೈಯಲ್ಲಿ ಯಾವ ಕಾರ್ಡು. ಮನೆಯವರ ಹೆಸರಿಲ್ಲದೆ ಆ ಹಾಳೆಯಲ್ಲಿ 350 ಗಂಟೆ ತುಂಬದಿದ್ದರೆ ಮುಂದೆ ಹೋಗಬೇಡಿ ಅಂತ ಸ್ಪಷ್ಟವಾಗಿ ಹೇಳುತ್ತೇನೆ. ಇಬ್ಬರು ಹಾಗೆ ವಾಪಸು ಹೋಗಿದ್ದಾರೆ. ಬೇಜಾರು ಮಾಡಿಕೊಂಡರು, ನನಗೂ ಬೇಜಾರಾಯಿತು.

2025ರಲ್ಲಿ ಷರತ್ತು ತೆಗೆದ ಪತ್ರ ಬಂತು, ಮೂವರಿಗೂ. ಭಾವ ಫೋನ್ ಮಾಡಿ ಹೇಳುವಾಗ ಸ್ವರ ನಡುಗುತ್ತಿತ್ತು. ಹನ್ನೆರಡು ಜನರಲ್ಲಿ ಯಾರನ್ನೂ ತೆಗೆದಿಲ್ಲ, ಹಿಟ್ಟಿನ ವ್ಯಾಪಾರಕ್ಕೆ ಇನ್ನೊಬ್ಬರನ್ನು ಸೇರಿಸಿದ್ದಾರೆ. ಅಕ್ಕ ಮರುದಿನ ಬೆಳಗ್ಗೆ ಐದಕ್ಕೆ ಅಡುಗೆಮನೆಗೆ ಹೋಗಿ, ತಾನೇ ಕಲಿಸಿದ ಅಡುಗೆಯವನ ಪಕ್ಕದಲ್ಲಿ ನಿಂತು ಬನ್ಸಿಗೆ ಹಿಟ್ಟು ಕಲಸಿದಳಂತೆ.